ಗೋವರ್ ಸ್ಟ್ರೀಟಿನ ತೊಟ್ಟಿಲು

ಲಂಡನ್ನಿನ ಯೂಸ್ಟನ್ ಸ್ಕ್ವೇರ್ ಸುರಂಗ ರೈಲು ನಿಲ್ದಾಣದಿಂದ ಮೇಲೆ ಬಂದು ಕೆಲವು ನಿಮಿಷ ನಡೆದರೆ ಗೋವರ್ ಸ್ಟ್ರೀಟಿನಲ್ಲಿ ಒಂದು ಕಾಲೇಜು ಕಟ್ಟಡ ಸಿಗುತ್ತದೆ. ಅದರ ಹೆಸರು ಡಾರ್ವಿನ್ ಬಿಲ್ಡಿಂಗ್. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ವಿದ್ಯಾರ್ಥಿಗಳು ಬೆನ್ನಿಗೆ ಚೀಲ ಏರಿಸಿಕೊಂಡು ಒಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ. ಚಾರ್ಲ್ಸ್ ಡಾರ್ವಿನ್ 1838ರಿಂದ 1842ರವರೆಗೆ ಈ ಜಾಗದ ಮನೆಯೊಂದರಲ್ಲಿ ವಾಸವಾಗಿದ್ದನೆಂದು ಗೋಡೆಯ ಮೇಲಿನ ಫಲಕ ತಿಳಿಸುತ್ತದೆ. ಆ ಮನೆಗಾಗಿ ಹುಡುಕುವುದು ವ್ಯರ್ಥ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗೆ ಸಿಕ್ಕಿ ಅದು ಹೋಗಿಬಿಟ್ಟಿದೆ.

ಡಾರ್ವಿನ್ನನನ್ನು ಹುಡುಕಿಕೊಂಡು ಲಂಡನ್ನಿಗೆ ಹೋದವರು ಸಾಮಾನ್ಯವಾಗಿ ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಕುಳಿತ ಭಂಗಿಯ ಅವನ ಬಿಳಿಯ ಪ್ರತಿಮೆ ನೋಡುತ್ತಾರೆ, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನ ಸಮಾಧಿ ನೋಡುತ್ತಾರೆ. ಗೋವರ್ ಸ್ಟ್ರೀಟಿನ ಈ ಗೋಡೆಯ ಮುಂದೆ ನಿಲ್ಲುವವರು ಕಡಿಮೆ. ಆದರೆ ಮಗುವೊಂದನ್ನು ಎತ್ತಿ ಆಡಿಸಿದ ಯಾರೇ ಆಗಲಿ ಇಲ್ಲಿ ಎರಡು ನಿಮಿಷ ನಿಲ್ಲಬೇಕು. ಗಲಪಗಾಸ್ ದ್ವೀಪಗಳ ಹಕ್ಕಿಗಳನ್ನು ನೋಡಿದ ಅದೇ ಕಣ್ಣು, ತೊಟ್ಟಿಲಲ್ಲಿ ಮಲಗಿದ ಒಂದು ಕೂಸನ್ನು ದಿನ ಬಿಡದೆ ನೋಡಿದ್ದು ಇಲ್ಲಿ.

ಮದುವೆಯ ಲೆಕ್ಕ

ಬೀಗಲ್ ಹಡಗಿನಲ್ಲಿ ಐದು ವರ್ಷ ಲೋಕ ಸುತ್ತಿ 1836ರಲ್ಲಿ ಊರಿಗೆ ಮರಳಿದ ಡಾರ್ವಿನ್ನನಿಗೆ 1838ರಲ್ಲಿ ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ ಅವನು ಕಾಗದವೊಂದರಲ್ಲಿ ಎರಡು ಸಾಲು ಎಳೆದು ಲಾಭ-ನಷ್ಟಗಳ ಪಟ್ಟಿ ಮಾಡಿದ. ಮದುವೆಯಾದರೆ ಸಮಯ ಹಾಳು, ಪುಸ್ತಕಕ್ಕೆ ದುಡ್ಡು ಕಡಿಮೆ. ಆಗದಿದ್ದರೆ ಮುಪ್ಪಿನಲ್ಲಿ ಜೊತೆಗೆ ಯಾರೂ ಇಲ್ಲ, ಮಕ್ಕಳೂ ಇಲ್ಲ. ಕಡೆಗೆ ಮದುವೆಯ ಪಕ್ಷವೇ ಗೆದ್ದಿತು. ವಧು ಎಮ್ಮಾ ವೆಜ್‌ವುಡ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸೋದರಮಾವನ ಮಗಳು. 1839ರ ಜನವರಿ 29ರಂದು ಸ್ಟಾಫರ್ಡ್‌ಶೈರಿನ ಮೇರ್ ಎಂಬ ಹಳ್ಳಿಯ ಚರ್ಚಿನಲ್ಲಿ ಮದುವೆ ನಡೆಯಿತು.

ಗೋವರ್ ಸ್ಟ್ರೀಟಿನ ಬಾಡಿಗೆ ಮನೆಯ ಒಳಗಿನ ಬಣ್ಣಗಳು ಕಣ್ಣು ಕುಕ್ಕುವಂತಿದ್ದವು. ಅದಕ್ಕೇ ದಂಪತಿಗಳು ಅದಕ್ಕೆ ಪಂಚರಂಗಿ ಗಿಳಿಯ ಹೆಸರಿಟ್ಟು ‘ಮಕಾ ಕಾಟೇಜ್’ ಎಂದು ನಗುತ್ತಿದ್ದರು. ಹಿಂದೆ ಉದ್ದನೆಯ ಕಿರಿದಾದ ಹಿತ್ತಲು, ಒಳಗೆ ಎಮ್ಮಾಳ ಪಿಯಾನೋ. ಆ ಮನೆಯಲ್ಲಿ 1839ರ ಡಿಸೆಂಬರ್ 27ರಂದು ಮೊದಲ ಮಗ ಹುಟ್ಟಿದ. ಹೆಸರು ವಿಲಿಯಂ ಎರಾಸ್ಮಸ್, ಮುದ್ದಿನ ಹೆಸರು ಡಾಡಿ.

ತಂದೆ ಟಿಪ್ಪಣಿ ಪುಸ್ತಕ ತೆರೆದ. ಮನುಷ್ಯನ ನಗು, ಅಳು, ಸಿಟ್ಟುಗಳು ಎಲ್ಲಿಂದ ಬಂದವು, ಅವನ್ನು ಕಲಿಯುತ್ತೇವೆಯೋ ಹೊತ್ತು ತರುತ್ತೇವೆಯೋ ಎಂಬ ಪ್ರಶ್ನೆ ಅವನನ್ನು ಮದುವೆಗೆ ಮೊದಲೇ ಕಾಡತೊಡಗಿತ್ತು. ರೀಜೆಂಟ್ಸ್ ಪಾರ್ಕಿನ ಮೃಗಾಲಯಕ್ಕೆ ಹೋಗಿ ಜೆನ್ನಿ ಎಂಬ ಒರಾಂಗುಟಾನ್ ಮರಿಯ ಹಟ ಕೋಪಗಳನ್ನೂ ನೋಡಿ ಬಂದಿದ್ದ. ಈಗ ನೋಡಲು ಮೃಗಾಲಯಕ್ಕೆ ಹೋಗಬೇಕಾಗಿರಲಿಲ್ಲ. ಮನೆಯಲ್ಲೇ ಒಂದು ಜೀವ ಕೈಕಾಲು ಬಡಿಯುತ್ತಿತ್ತು.

ಮೇಣದ ಬತ್ತಿಯಿಂದ ಮೊದಲ ನಗುವಿನವರೆಗೆ

ಮೊದಲ ವಾರದಲ್ಲೇ ಕೂಸು ಸೀನುವುದು, ಬಿಕ್ಕಳಿಸುವುದು, ಆಕಳಿಸುವುದು, ಮೈಮುರಿಯುವುದು, ಹಾಲು ಚೀಪುವುದು, ಕಿರುಚುವುದು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿತ್ತು. ಇವಕ್ಕೆ ಗುರುವಿನ ಅಗತ್ಯವಿರಲಿಲ್ಲ. 7ನೇ ದಿನ ತಂದೆ ಕಾಗದದ ಚೂರಿನಿಂದ ಅಂಗಾಲು ಮುಟ್ಟಿದ. ಮಗು ಕಾಲನ್ನು ತಟ್ಟನೆ ಎಳೆದುಕೊಂಡು ಬೆರಳುಗಳನ್ನು ಮಡಿಚಿತು. 9ನೇ ದಿನ ಕಣ್ಣುಗಳು ಮೇಣದ ಬತ್ತಿಯ ಮೇಲೆ ನಿಂತವು. 45ನೇ ದಿನದವರೆಗೆ ಬೇರೆ ಯಾವುದೂ ಆ ಕಣ್ಣುಗಳನ್ನು ಹಾಗೆ ಹಿಡಿದು ನಿಲ್ಲಿಸಲಿಲ್ಲ. 49ನೇ ದಿನ ಒಂದು ಬಣ್ಣದ ಕುಚ್ಚು ಕಂಡಿತು. ಬಡಿಯುತ್ತಿದ್ದ ಕೈಗಳು ನಿಂತವು, ನೋಟ ನೆಟ್ಟಿತು. ಮಗು ನೋಡುತ್ತಿದೆ ಎಂಬುದಕ್ಕೆ ಕಣ್ಣಷ್ಟೇ ಅಲ್ಲ, ಸುಮ್ಮನಾದ ಕೈಯೂ ಸಾಕ್ಷಿ ಎಂದು ಕಂಡುಕೊಂಡದ್ದೇ ಡಾರ್ವಿನ್ನನ ಹೆಚ್ಚುಗಾರಿಕೆ.

ಮೊದಲ ನಿಜವಾದ ನಗು 45ನೇ ದಿನ ಬಂದಿತು. ಅದು ಹೊಟ್ಟೆ ತುಂಬಿ ತುಟಿ ಅರಳಿದ್ದಲ್ಲ. ಕಣ್ಣು ಬೆಳಗಿ, ಎದುರಿನ ಮುಖಕ್ಕೆ ಉತ್ತರವಾಗಿ ಬಂದ ನಗು. ಅದರ ಹೆಚ್ಚಿನ ಪಾಲು ಸಿಕ್ಕಿದ್ದು ತಾಯಿಗೆ. ಎರಡನೆಯ ಮಗುವಿನಲ್ಲಿ ಅದೇ ನಗು 46ನೇ ದಿನ ಕಾಣಿಸಿಕೊಂಡಿತು. ಆರರಿಂದ ಎಂಟು ವಾರದೊಳಗೆ ಇಂಥ ನಗು ಬರುತ್ತದೆಂದು ಇಂದಿನ ಮಕ್ಕಳ ವೈದ್ಯರು ಹೇಳುವ ಮಾತಿಗೂ ಇದಕ್ಕೂ ವ್ಯತ್ಯಾಸವಿಲ್ಲ.

66ನೇ ದಿನ ಒಂದು ಚಿಕ್ಕ ಅನಾಹುತ. ತಂದೆಗೆ ಸೀನು ಬಂದಿತು. ಮಗು ಬೆಚ್ಚಿಬಿದ್ದು, ಹುಬ್ಬು ಗಂಟಿಕ್ಕಿ, ಅತ್ತಿತು. ಆಮೇಲೆ ಒಂದು ಗಂಟೆ ಕಾಲ ಸಣ್ಣ ಸದ್ದಿಗೂ ಬೆದರುತ್ತಿತ್ತು. 77ನೇ ದಿನ ತಂದೆಯ ಕೋಟಿನ ತೋಳಿನ ಅಂಚು ಆಕಸ್ಮಿಕವಾಗಿ ಒಂದು ಮಗುವಿನ ಕಣ್ಣಿಗೆ ತಾಗಿತು. ಆ ಕಣ್ಣಿನಲ್ಲಿ ನೀರು ತುಂಬಿತು, ಮಗು ಜೋರಾಗಿ ಕಿರುಚಿತು, ಆದರೆ ಇನ್ನೊಂದು ಕಣ್ಣು ಬಹುತೇಕ ಒಣಗಿಯೇ ಇತ್ತು. ಕಿರುಚುವುದು ಬೇರೆ, ಕಣ್ಣೀರು ಬೇರೆ! ಕೆನ್ನೆಯ ಮೇಲೆ ಕಣ್ಣೀರು ಹರಿದದ್ದು 139ನೇ ದಿನ. ಹೆತ್ತವರೆಲ್ಲರ ಕಣ್ಣೆದುರಿಗೇ ನಡೆಯುವ ಸಂಗತಿ ಇದು. ಹುಟ್ಟಿದ ಕೂಸು ಅಳುವುದನ್ನು ಎಲ್ಲರೂ ಕೇಳುತ್ತಾರೆ, ಆ ಅಳುವಿನಲ್ಲಿ ಕಣ್ಣೀರಿಲ್ಲ ಎಂಬುದನ್ನು ಗಮನಿಸುವವರು ಕಡಿಮೆ.

ಬೆರಳು, ಸೆರಗು, ಕನ್ನಡಿ

ಮೂರು ತಿಂಗಳಾಗುವ ಹೊತ್ತಿಗೆ ಡಾಡಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯತೊಡಗಿದ. ಗುರಿ ಮಾತ್ರ ತಪ್ಪುತ್ತಿತ್ತು. ವಸ್ತು ಮೊದಲು ಮೂಗಿಗೆ ತಾಗಿ, ಅಲ್ಲಿಂದ ಬಾಯಿಗೆ ಇಳಿಯುತ್ತಿತ್ತು. ತಂದೆಯ ಬೆರಳನ್ನು ಹಿಡಿದು ಬಾಯಿಗೆ ಎಳೆದರೆ ತನ್ನ ಮುಷ್ಟಿಯೇ ಅಡ್ಡವಾಗುತ್ತಿತ್ತು. 114ನೇ ದಿನ ಮಗು ಬೆರಳನ್ನು ಬಿಡದೆ, ತನ್ನ ಕೈಯನ್ನಷ್ಟೇ ಕೆಳಕ್ಕೆ ಜಾರಿಸಿತು. ಬೆರಳ ತುದಿ ಬಾಯಿಗೆ ಸಿಕ್ಕಿತು. ಒಂದು ಸಲ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಹಲವು ಸಲ ಹಾಗೇ ಆಯಿತು. ಇದು ಯೋಚನೆಯ ಕೆಲಸ ಎಂದು ತಂದೆ ಬರೆದುಕೊಂಡ.

ಅದೇ ದಿನಗಳಲ್ಲಿ, 110ನೇ ದಿನ, ಮಗುವಿನ ಮುಖಕ್ಕೆ ಬಟ್ಟೆ ಮುಚ್ಚಿ ತಟ್ಟನೆ ತೆಗೆದಾಗ ಅದಕ್ಕೆ ಎಲ್ಲಿಲ್ಲದ ಖುಷಿ. ತಂದೆ ತನ್ನ ಮುಖ ಮುಚ್ಚಿ ತೆರೆದು ಹತ್ತಿರ ಬಂದಾಗಲೂ ಅಷ್ಟೇ. ಆಗ ಹೊರಟ ಸಣ್ಣ ಸದ್ದೇ ಮೊದಲ ನಗೆಯ ಧ್ವನಿ. ನಮ್ಮ ಮನೆಗಳಲ್ಲಿ ಅಜ್ಜಿ ಸೆರಗು ಮುಚ್ಚಿಕೊಂಡು ಆಡಿಸುವುದೂ ಇದೇ ಆಟವನ್ನು. ಹೋದ ಮುಖ ಮತ್ತೆ ಬರುತ್ತದೆ ಎಂಬ ನಂಬಿಕೆಯ ಮೊದಲ ಪಾಠ ಅದು.

ನಾಲ್ಕೂವರೆ ತಿಂಗಳಲ್ಲಿ ಕನ್ನಡಿ ಬಂದಿತು. ಕನ್ನಡಿಯೊಳಗಿನ ಅಪ್ಪನನ್ನೂ ತನ್ನನ್ನೂ ನೋಡಿ ಮಗು ನಕ್ಕಿತು. ಅಪ್ಪ ಮುಂದೆ ಕಾಣುತ್ತಾನೆ, ದನಿ ಮಾತ್ರ ಹಿಂದಿನಿಂದ ಬರುತ್ತದೆ, ಇದೇನು? ಮಗುವಿನ ಮುಖದ ಆ ಬೆರಗು ಟಿಪ್ಪಣಿ ಪುಸ್ತಕ ಸೇರಿತು. ಎರಡು ತಿಂಗಳೊಳಗೆ ಸಮಸ್ಯೆ ಬಗೆಹರಿದಿತ್ತು. ಡಾರ್ವಿನ್ ಸದ್ದಿಲ್ಲದೆ ಮುಖ ಸೊಟ್ಟ ಮಾಡಿದರೆ ಮಗು ಕನ್ನಡಿ ಬಿಟ್ಟು ಹಿಂದಕ್ಕೆ ತಿರುಗಿ ನಿಜವಾದ ಅಪ್ಪನನ್ನೇ ನೋಡುತ್ತಿತ್ತು.

ಆ ವರ್ಷದ ಜೂನ್‌ನಲ್ಲಿ ಸಂಸಾರ ಲಂಡನ್ ಬಿಟ್ಟಿತು. ಡಾರ್ವಿನ್ನನ ಆರೋಗ್ಯ ಕೆಟ್ಟಿತ್ತು. ಎಮ್ಮಾಳ ತವರಾದ ಮೇರ್ ಮತ್ತು ಡಾರ್ವಿನ್ನನ ತಂದೆಯ ಊರಾದ ಶ್ರೂಸ್‌ಬರಿಗಳಲ್ಲಿ ನವೆಂಬರ್‌ವರೆಗೂ ಕಳೆದರು. ಮೇರ್ ಎಂದರೆ ಸಣ್ಣ ಕೆರೆ. ಆ ಮನೆಯ ಎದುರಿಗೇ ಕೆರೆಯಿದೆ. ಡಾಡಿಯ ಐದೂವರೆಯಿಂದ ಹತ್ತೂವರೆ ತಿಂಗಳ ಕಾಲ ಹೀಗೆ ಅಜ್ಜಂದಿರ ಮನೆಗಳಲ್ಲಿ ಕಳೆಯಿತು. ಏಳು ತಿಂಗಳಿಗೆ ದಾದಿಯ ಹೆಸರು ಕೂಗಿದರೆ ಅವಳಿಗಾಗಿ ಸುತ್ತ ನೋಡುತ್ತಿದ್ದ. ಕೈಗೆ ಸಿಗದೆ ಉರುಳಿಹೋದ ನಿಂಬೆಹಣ್ಣಿನ ಮೇಲೆ ಸಿಟ್ಟಾಗಿ ಕಿರುಚಿದ. ಒಂಬತ್ತು ತಿಂಗಳ ಆಸುಪಾಸಿನಲ್ಲಿ ಇನ್ನೊಂದು ವಿದ್ಯೆ ತಾನಾಗಿಯೇ ಬಂದಿತು. ಎದುರಿನ ಗೋಡೆಯ ಮೇಲೆ ನೆರಳು ಬಿದ್ದರೆ, ಅದಕ್ಕೆ ಕಾರಣವಾದ ಕೈಯನ್ನು ಹುಡುಕಲು ಹಿಂದಕ್ಕೆ ನೋಡಬೇಕು ಎಂಬುದು. ಬೆಳಕು ನೇರವಾಗಿ ಚಲಿಸುತ್ತದೆ ಎಂದು ಹೈಸ್ಕೂಲಿನಲ್ಲಿ ಕಲಿಸುವ ಪಾಠದ ಪೀಠಿಕೆಯನ್ನು ಆ ಕೂಸು ಯಾರೂ ಹೇಳಿಕೊಡದೆ ಕಲಿತಿತ್ತು.

ಎಡಗೈಯ ಪಾಠ

ಈ ಟಿಪ್ಪಣಿಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಸಣ್ಣ ವಿಷಯ. 77ನೇ ದಿನ ಡಾಡಿ ಹಾಲಿನ ಬಾಟಲಿಯನ್ನು ಬಲಗೈಯಲ್ಲಿ ಹಿಡಿದ. ದಾದಿ ಅವನನ್ನು ಎಡತೋಳಿನ ಮೇಲಿಟ್ಟುಕೊಂಡಿರಲಿ, ಬಲತೋಳಿನ ಮೇಲಿಟ್ಟುಕೊಂಡಿರಲಿ, ಬಾಟಲಿಗೆ ಬಲಗೈಯೇ ಬರುತ್ತಿತ್ತು. ಎಡಗೈಯಲ್ಲಿ ಹಿಡಿಸಲು ತಂದೆ ಪ್ರಯತ್ನಿಸಿ ನೋಡಿದ, ಆಗಲಿಲ್ಲ. ಒಂದು ವಾರ ಕಳೆದ ಮೇಲಷ್ಟೇ ಎಡಗೈಗೆ ಆ ಕೆಲಸ ಬಂದಿತು. ಇಷ್ಟು ನೋಡಿದವರು ಯಾರಾದರೂ ಮಗು ಬಲಗೈಯದು ಎಂದು ತೀರ್ಮಾನಿಸಿಬಿಡುತ್ತಿದ್ದರು. ಆದರೆ ಬೆಳೆದ ಮೇಲೆ ವಿಲಿಯಂ ಎಡಚನಾದ. ಅವನ ತಾಯಿಯೂ ಎಡಗೈಯವಳೇ.

ಡಾರ್ವಿನ್ ಈ ಸಂಗತಿಯನ್ನು ಮುಚ್ಚಿಡಲಿಲ್ಲ. ವಿಲಿಯಂಗೆ ಎರಡು ವರ್ಷ ದಾಟಿದಾಗ, ಹದಿನಾಲ್ಕು ತಿಂಗಳ ತಂಗಿ ಆನಿ ಪೆನ್ಸಿಲನ್ನು ಅವನಿಗಿಂತ ಚೆನ್ನಾಗಿ ಹಿಡಿಯುತ್ತಿದ್ದಳೆಂಬುದನ್ನೂ ಬರೆದ. ಇನ್ನೊಬ್ಬ ಪುಟ್ಟ ಹುಡುಗಿ ವರ್ಷ ತುಂಬಿದಾಗಲೂ ಕನ್ನಡಿಯ ಮುಂದೆ ಗೊಂದಲಗೊಳ್ಳುತ್ತಿದ್ದಳೆಂದೂ ಬರೆದ. ಒಂದು ಮಗು ಒಂದು ವಿಷಯದಲ್ಲಿ ಮುಂದು, ಮತ್ತೊಂದು ಇನ್ನೊಂದರಲ್ಲಿ ಮುಂದು. ಯಾವುದನ್ನೂ ಅವನು ಕೊರತೆ ಎಂದು ಕರೆಯಲಿಲ್ಲ.

ಇಂದು ಈ ಮಾತಿಗೆ ಬೆಲೆ ಇನ್ನೂ ಹೆಚ್ಚು. ಪಕ್ಕದ ಮನೆಯ ಮಗು ಕುಳಿತಿತು, ನಮ್ಮದು ಇನ್ನೂ ಕುಳಿತಿಲ್ಲ ಎಂದು ನಿದ್ದೆಗೆಡುವ ತಾಯಂದಿರು ಎಲ್ಲ ಊರುಗಳಲ್ಲೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮನ್ ಮತ್ತು ಅಮೆರಿಕಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸರೆಯಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳೊಳಗೆ ಯಾವಾಗ ಬೇಕಾದರೂ ಬರಬಹುದು. ಒಂಟಿಯಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಅಂಬೆಗಾಲನ್ನೇ ಇಡದೆ ನೇರವಾಗಿ ನಡೆದ ಮಕ್ಕಳೂ ಆ ಅಧ್ಯಯನದಲ್ಲಿದ್ದರು. ಈ ಅವಧಿ ಮೀರಿದರೆ, ಅಥವಾ ಬಂದ ವಿದ್ಯೆ ಮರೆತುಹೋದರೆ ವೈದ್ಯರಿಗೆ ತೋರಿಸಬೇಕು, ನಿಜ. ಆದರೆ ಅದರೊಳಗಿನ ಹಿಂದುಮುಂದು ಓಟದ ಪಂದ್ಯವಲ್ಲ. ಡಾರ್ವಿನ್ನನ ಅಚ್ಚಾದ ಲೇಖನದಲ್ಲಿ ಮೊದಲ ಹಲ್ಲು, ಮೊದಲ ಹೆಜ್ಜೆಗಳ ವರದಿಯೇ ಇಲ್ಲ. ಮಗು ಎಷ್ಟು ಬೇಗ ಎಂಬುದಕ್ಕಿಂತ ಹೇಗೆ ಎಂಬುದೇ ಅವನಿಗೆ ಮುಖ್ಯವಾಗಿತ್ತು.

ಅವನ ತೀರ್ಮಾನಗಳೆಲ್ಲ ಇಂದಿಗೂ ಹಾಗೆಯೇ ನಿಂತಿಲ್ಲ. ಒಂಬತ್ತು ತಿಂಗಳಿಗೆ ಮೊದಲೇ, ಹೆಸರು ಕರೆದರೆ ಡಾಡಿ ಕನ್ನಡಿಯ ಕಡೆ ತಿರುಗುತ್ತಿದ್ದ. ತನ್ನ ಹೆಸರಿಗೂ ಬಿಂಬಕ್ಕೂ ಸಂಬಂಧವಿದೆಯೆಂದು ಅವನಿಗೆ ಗೊತ್ತಾಗಿದೆ ಎಂದು ತಂದೆ ತಿಳಿದ. ಈಗಿನ ವಿಜ್ಞಾನಿಗಳು ಮಗುವಿಗೆ ತಿಳಿಯದಂತೆ ಅದರ ಮೂಗಿಗೆ ಬಣ್ಣದ ಚುಕ್ಕೆ ಇಟ್ಟು ಕನ್ನಡಿ ತೋರಿಸುತ್ತಾರೆ. ಕನ್ನಡಿಯನ್ನು ಬಿಟ್ಟು ತನ್ನ ಮೂಗನ್ನೇ ಮುಟ್ಟಿಕೊಳ್ಳುವುದು ಸಾಮಾನ್ಯವಾಗಿ ಒಂದೂವರೆ ವರ್ಷದ ಸುಮಾರಿಗೆ. ತೀರ್ಮಾನ ಬದಲಾದರೂ ನೋಟ ಸುಳ್ಳಾಗಲಿಲ್ಲ. ಮಗು ತಿರುಗಿದ್ದು ನಿಜ.

ಡೌನ್ ಹಳ್ಳಿಗೆ

ಗೋವರ್ ಸ್ಟ್ರೀಟಿನ ಹೊಗೆ, ಗದ್ದಲ ಸಾಕಾಗಿ 1842ರ ಸೆಪ್ಟೆಂಬರ್‌ನಲ್ಲಿ ಡಾರ್ವಿನ್ ಸಂಸಾರ ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಗೆ ಹೊರಟಿತು. ಲಂಡನ್ನಿಂದ ಹದಿನಾರು ಮೈಲಿ. ಟಿಪ್ಪಣಿ ಪುಸ್ತಕವೂ ಜೊತೆಗೆ ಹೋಯಿತು. ಇಂದು ಬ್ರಾಮ್ಲಿಯಿಂದ 146ನೇ ನಂಬರಿನ ಬಸ್ಸು ಆ ಹಳ್ಳಿಗೆ ಹೋಗುತ್ತದೆ. ಬೇಲಿಗಿಡಗಳ ನಡುವಿನ ಕಿರಿದಾದ ದಾರಿ, ಬೆಣಚುಕಲ್ಲಿನ ಹಳೆಯ ಚರ್ಚು, ಅಲ್ಲಿಂದ ಸ್ವಲ್ಪ ದೂರ ನಡೆದರೆ ಡೌನ್ ಹೌಸ್. ಈ ಮನೆ ಉಳಿದಿದೆ, 1996ರಿಂದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವಶದಲ್ಲಿದೆ, ಒಳಗೆ ಹೋಗಿ ನೋಡಬಹುದು.

ಜೀವಿಗಳ ವಿಕಾಸದ ಮಹಾಗ್ರಂಥ ಬರೆದ ಓದುಕೋಣೆಯನ್ನು ನೋಡಲೆಂದೇ ಜನ ಬರುತ್ತಾರೆ. ಅಲ್ಲಿ ಗಾಲಿ ಹಾಕಿಸಿಕೊಂಡ ಕುರ್ಚಿ ಇದೆ. ಮನೆಯ ಸುತ್ತ ಕಣ್ಣಾಡಿಸಿದರೆ ಮಕ್ಕಳ ಗುರುತೂ ಸಿಗುತ್ತದೆ. ಮೆಟ್ಟಿಲ ಮೇಲೆ ಜೋಡಿಸಿ ಜಾರಿ ಇಳಿಯಲು ಮಾಡಿಸಿದ ಮರದ ಹಲಗೆ ಅವುಗಳಲ್ಲಿ ಒಂದು. ಕತ್ತರಿ, ದಾರ, ಅಂಟು, ಅಳತೆಪಟ್ಟಿ ಬೇಕೆಂದು ಮಕ್ಕಳು ಓದುಕೋಣೆಗೆ ನುಗ್ಗುತ್ತಿದ್ದರಂತೆ. ಆ ಗ್ರಂಥದ ಹಸ್ತಪ್ರತಿಯ ಹಾಳೆಯ ಹಿಂಬದಿಯಲ್ಲಿ ಮಕ್ಕಳು ಬಣ್ಣದ ಚಿತ್ರ ಬರೆದಿದ್ದಾರೆ. ಹಾಗೆ ಉಳಿದ ಹಾಳೆಯೊಂದರಲ್ಲಿ ಹಣ್ಣು ತರಕಾರಿಗಳೇ ಸೈನಿಕರಾಗಿ ಕಾದಾಡುತ್ತಿವೆ. ತೋಟದ ಕೊನೆಯಲ್ಲಿ ‘ಸ್ಯಾಂಡ್‌ವಾಕ್’ ಎಂಬ ಕಾಲುದಾರಿಯಿದೆ. ಡಾರ್ವಿನ್ ಪ್ರತಿದಿನ ಅಲ್ಲಿ ಸುತ್ತು ಹಾಕುತ್ತಿದ್ದ, ಮಕ್ಕಳು ಅಲ್ಲೇ ಆಡುತ್ತಿದ್ದರು.

ಆದರೆ ಈ ಮನೆಯ ಮೊದಲ ನೆನಪು ನಗುವಿನದಲ್ಲ. ಬಂದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 23ರಂದು, ಮೂರನೆಯ ಮಗು ಮೇರಿ ಎಲೀನರ್ ಹುಟ್ಟಿದಳು. ಅಕ್ಟೋಬರ್ 16ರಂದು ತೀರಿಕೊಂಡಳು. ಇಪ್ಪತ್ಮೂರು ದಿನ. ಮೇಣದ ಬತ್ತಿಯನ್ನು ನೋಡುವ ದಿನ ಅವಳಿಗೂ ಬಂದಿತ್ತೋ ಏನೋ, ನಗುವ ದಿನ ಬರಲಿಲ್ಲ. ಚರ್ಚಿನ ಅಂಗಳದಲ್ಲಿ ಅವಳನ್ನು ಮಣ್ಣು ಮಾಡಿದರು. ಪೆನ್ಸಿಲನ್ನು ಚೆನ್ನಾಗಿ ಹಿಡಿಯುತ್ತಿದ್ದ ಆನಿ 1851ರ ಏಪ್ರಿಲ್ 23ರಂದು ಮಾಲ್ವರ್ನ್ ಎಂಬ ಊರಿನಲ್ಲಿ ಹತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಂದೆ ಹಾಸಿಗೆಯ ಪಕ್ಕದಲ್ಲೇ ಇದ್ದ. ಕೊನೆಯ ಮಗು ಚಾರ್ಲ್ಸ್ ವಾರಿಂಗ್ 1858ರ ಜೂನ್ 28ರಂದು ಹೋದ. ಮೂರು ದಿನಗಳ ನಂತರ, ಜುಲೈ 1ರಂದು, ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವಾಲೇಸರ ಸಿದ್ಧಾಂತವನ್ನು ಮೊದಲ ಬಾರಿಗೆ ಓದಿದಾಗ ಡಾರ್ವಿನ್ ಅಲ್ಲಿರಲಿಲ್ಲ.

ಹತ್ತು ಮಕ್ಕಳಲ್ಲಿ ಏಳು ಮಂದಿ ಉಳಿದರು. ಸೋದರಿಕೆಯ ಮದುವೆಯೇ ಮಕ್ಕಳ ಆರೋಗ್ಯಕ್ಕೆ ಮುಳುವಾಯಿತೇ ಎಂಬ ಅಳುಕು ಡಾರ್ವಿನ್ನನನ್ನು ಕೊನೆಯವರೆಗೂ ಬಿಡಲಿಲ್ಲ. 1871ರ ಜನಗಣತಿಯಲ್ಲಿ ಇಂಥ ಮದುವೆಗಳ ಬಗ್ಗೆ ಪ್ರಶ್ನೆ ಸೇರಿಸಬೇಕೆಂದು ಸ್ನೇಹಿತ ಲಬ್ಬಾಕ್‌ನ ಮೂಲಕ ಪ್ರಯತ್ನಿಸಿದ. ಪಾರ್ಲಿಮೆಂಟು ಒಪ್ಪಲಿಲ್ಲ. ಅಷ್ಟು ನಿಕಟವಾಗಿ ನೋಡಬಲ್ಲ ಕಣ್ಣಿಗೂ ಕಾಯಿಲೆಯನ್ನು ತಡೆಯುವ ಶಕ್ತಿ ಇರಲಿಲ್ಲ. ಅಂದಿನ ವೈದ್ಯರಿಗೂ ಇರಲಿಲ್ಲ.

ಮಮ್

ಡಾಡಿಯ ಟಿಪ್ಪಣಿಗಳು ಮೂವತ್ತೇಳು ವರ್ಷ ಮುಚ್ಚಿದ ಪುಸ್ತಕದಲ್ಲೇ ಇದ್ದವು. 1877ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಫ್ರೆಂಚ್ ವಿದ್ವಾಂಸ ಟೇನ್ ತನ್ನ ಮಗುವಿನ ಬಗ್ಗೆ ಬರೆದ ಲೇಖನದ ಅನುವಾದ ಬಂದಿತು. ಅದನ್ನು ಓದಿ ಡಾರ್ವಿನ್ ಹಳೆಯ ಪುಸ್ತಕ ತೆಗೆದ. ಅದೇ ವರ್ಷದ ಜುಲೈ ಸಂಚಿಕೆಯಲ್ಲಿ ಕೂಸೊಂದರ ಜೀವನಚಿತ್ರ ಎಂಬ ಅರ್ಥದ ಹೆಸರಿನಲ್ಲಿ ಅವನ ಲೇಖನ ಅಚ್ಚಾಯಿತು. ಆ ಹೊತ್ತಿಗೆ ಕೂಸು ಸೌತಾಂಪ್ಟನ್ ನಗರದಲ್ಲಿ ಬ್ಯಾಂಕಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಮೂವತ್ತೇಳರ ವ್ಯಕ್ತಿ. ಮಕ್ಕಳ ಬೆಳವಣಿಗೆಯನ್ನು ಕ್ರಮವಾಗಿ ಅಭ್ಯಾಸ ಮಾಡುವ ಶಾಸ್ತ್ರಕ್ಕೆ ದಾರಿ ಮಾಡಿದ ಬರಹಗಳಲ್ಲಿ ಅದೂ ಒಂದು.

ಆ ಲೇಖನದಲ್ಲಿ ಕನ್ನಡದ ಓದುಗರನ್ನು ಥಟ್ಟನೆ ಹಿಡಿದು ನಿಲ್ಲಿಸುವ ಒಂದು ಸಂಗತಿ ಇದೆ. ನವೆಂಬರ್‌ನಲ್ಲಿ ಗೋವರ್ ಸ್ಟ್ರೀಟಿಗೆ ಮರಳಿದ್ದ ಡಾಡಿ, ಸರಿಯಾಗಿ ವರ್ಷ ತುಂಬಿದಾಗ ತಾನೇ ಒಂದು ಮಾತು ಹುಟ್ಟಿಸಿದ. ಅದು ‘ಮಮ್’. ಅರ್ಥ ಊಟ. ಅದುವರೆಗೆ ಹಸಿವಾದರೆ ಅಳುತ್ತಿದ್ದವನು ಈಗ ‘ಮಮ್’ ಎನ್ನತೊಡಗಿದ. ಅದು ಎಲ್ಲಿಂದ ಬಂದಿತೆಂದು ತಂದೆಗೆ ಕೊನೆಗೂ ತಿಳಿಯಲಿಲ್ಲ. ಮುಂದೆ ಸಕ್ಕರೆಗೆ ‘ಶು-ಮಮ್’ ಎಂದ. ‘ಬ್ಲ್ಯಾಕ್’ ಎಂಬ ಮಾತು ಕಲಿತ ಮೇಲೆ ಅತಿಮಧುರದ ಕಪ್ಪು ಮಿಠಾಯಿಗೆ ‘ಬ್ಲ್ಯಾಕ್-ಶು-ಮಮ್’ ಎಂದು ಹೆಸರಿಟ್ಟ. ಕರಿ ಸಕ್ಕರೆ ಊಟ! ವ್ಯಾಕರಣ ಕಲಿಯದ ಬಾಯಿ ಸಮಾಸ ಮಾಡಿತ್ತು. ಟೇನನ ಮಗು ಹದಿನಾಲ್ಕನೆಯ ತಿಂಗಳಲ್ಲಿ ಊಟಕ್ಕೆ ‘ಹಮ್’ ಎನ್ನುತ್ತಿತ್ತು ಎಂಬುದನ್ನೂ ಡಾರ್ವಿನ್ ನೆನೆದಿದ್ದಾನೆ.

ನಮ್ಮ ಮನೆಗಳಲ್ಲಿ ತಟ್ಟೆಯಲ್ಲಿ ಅನ್ನ ಕಲಸಿ, ಚಂದಮಾಮನನ್ನು ತೋರಿಸುತ್ತ ತಾಯಿ ಉಣಿಸುವುದೂ ‘ಮಮ್ಮು’ವನ್ನೇ. ತುಟಿ ಮುಚ್ಚಿದರೆ ಸಾಕು ಹುಟ್ಟುವ ಸದ್ದು ಅದು. ಹಾಲು ಚೀಪಿದ ತುಟಿಗೆ ಸುಲಭವಾದದ್ದು.

ಡಾರ್ವಿನ್ ದಂಪತಿಗಳು ಬರೆದ ಆ ಟಿಪ್ಪಣಿ ಪುಸ್ತಕ ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದರ ಕೆಲವು ಪುಟಗಳು ಎಮ್ಮಾಳ ಕೈಬರಹದಲ್ಲಿವೆ. ಆ ಕೆಲಸಕ್ಕೆ ಪ್ರಯೋಗಶಾಲೆ ಬೇಕಾಗಿರಲಿಲ್ಲ. ಒಂದು ಮೇಣದ ಬತ್ತಿ, ಒಂದು ಕುಚ್ಚು, ಒಂದು ಕನ್ನಡಿ, ಮಗುವಿನ ಬಳಿ ಕೂರಲು ಹೊತ್ತು ಇದ್ದರೆ ಸಾಕಾಗಿತ್ತು. ಗೋವರ್ ಸ್ಟ್ರೀಟಿನ ಮನೆ ಅಳಿದರೂ ಅಲ್ಲಿ ಒಬ್ಬ ಮಗ 45ನೇ ದಿನ ನಕ್ಕದ್ದು ಉಳಿದಿದೆ. ಹೆಚ್ಚಿನ ಮನೆಗಳಲ್ಲಿ ಮಗುವಿನ ಮೊದಲ ನಗುವಿನ ದಿನ ಯಾರಿಗೂ ನೆನಪಿರುವುದಿಲ್ಲ. ಬರೆದಿಡಲು ಒಂದು ಹಳೆಯ ನೋಟುಬುಕ್ಕು, ಒಂದು ಪೆನ್ಸಿಲ್ ಸಾಕು.